"ಫೈಲ್ ಹೋಲ್ಡ್ ಮಾಡಿಸ್ತೀನಿ" ಅಂದರೆ ನಂಬಿ ದುಡ್ಡು ಹಾಕಬೇಡಿ: ಮನೆ ಸಾಲದ ಕಂತು ತಪ್ಪಿದವರಿಗೆ

ಮನೆ ಸಾಲದ ಕಂತು ಮೂರು ನಾಲ್ಕು ತಿಂಗಳು ತಪ್ಪಿದೆ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ದಪ್ಪ ಲಕೋಟೆ ಬಂದಿದೆ, ಇತ್ತ ಕಲೆಕ್ಷನ್ ಹುಡುಗ ಫೋನ್ ಮಾಡಿ "ಏನೂ ಆಗಲ್ಲ ಸರ್" ಅನ್ನುತ್ತಿದ್ದಾನೆ. ಇದು ನಿಮ್ಮ ಪರಿಸ್ಥಿತಿಯಾಗಿದ್ದರೆ ದಯವಿಟ್ಟು ಪೂರ್ತಿ ಓದಿ. ಅವನು ಫೋನಿನಲ್ಲಿ ಹೇಳುವ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಮತ್ತೆ ಹೇಳುತ್ತೇನೆ, ಮೂರು ಕಾಸಿನ ಬೆಲೆಯಿಲ್ಲ.

ತುಮಕೂರಿನಲ್ಲಿ ಅಕ್ಕ ಭಾವನ ಮನೆ. ಇಬ್ಬರ ಹೆಸರಲ್ಲೂ ಜಂಟಿ ಸಾಲ, 24 ಲಕ್ಷ, ಒಂದು ಹೌಸಿಂಗ್ ಫೈನಾನ್ಸ್ ಕಂಪನಿಯದ್ದು. ಕಂತು ತಿಂಗಳಿಗೆ ಸುಮಾರು 24,000. ಅಂಗಡಿ ವ್ಯಾಪಾರ ಬಿದ್ದು ನಾಲ್ಕು ಕಂತು ನಿಂತವು. ಸರ್ಫೇಸಿ ಕಾಯ್ದೆಯ, ಅಂದರೆ ಅಡವಿಟ್ಟ ಆಸ್ತಿಯನ್ನು ಸಾಲ ಕೊಟ್ಟವರೇ ವಶಕ್ಕೆ ತಗೊಂಡು ಮಾರಲು ಬಿಡುವ ಕಾನೂನಿನ, ಸೆಕ್ಷನ್ 13(2) ನೋಟಿಸ್ ಬಂತು: ಪೂರ್ತಿ ಸಾಲ, 22 ಲಕ್ಷದ ಮೇಲೆ ಚಿಲ್ಲರೆ, 60 ದಿನದಲ್ಲಿ ಕಟ್ಟಿ ಅಂತ. ಭಾವ ಗಾಬರಿಯಾಗಿ ಕಲೆಕ್ಷನ್‌ನವನಿಗೇ ಫೋನ್ ಮಾಡಿದರು. ಅವನ ಉತ್ತರ: "ಅದೆಲ್ಲ ಸಿಸ್ಟಮ್ ಜನರೇಟೆಡ್ ಸರ್, ಎಲ್ಲರಿಗೂ ಹೋಗುತ್ತೆ. ನೀವು ಎರಡು ಕಂತು ಹಾಕಿ, ಫೈಲ್ ನಾನು ಹೋಲ್ಡ್ ಮಾಡಿಸ್ತೀನಿ." 48,000 ಹೋಯಿತು. ಮುಂದಿನ ತಿಂಗಳು ಇನ್ನೊಂದು ಕಂತು. ರಸೀದಿ ಬಂತು, "ಥ್ಯಾಂಕ್ಯೂ ಸರ್" ಮೆಸೇಜೂ ಬಂತು.

60 ದಿನ ಮುಗಿದ ಮೇಲೆ ಗೇಟಿಗೆ ಸ್ವಾಧೀನದ ನೋಟಿಸ್, ಅಂದರೆ ಕಾಗದದ ಮೇಲೆ ಮನೆ ಕಂಪನಿಯ ವಶಕ್ಕೆ ಬಂತು ಅನ್ನುವ ನೋಟಿಸ್, ಅಂಟಿತು. ಇಬ್ಬರು ಬಂದರು, ಗೋಂದು ಬಳಿದು ಅಂಟಿಸಿದರು, ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆದುಕೊಂಡು ಹೊರಟರು. ಅಕ್ಕ ಬಾಗಿಲು ತೆರೆಯುವಷ್ಟರಲ್ಲಿ ಬೈಕ್ ತಿರುವಿನಾಚೆ. ಅದೇ ವಾರ ಪೇಪರಿನಲ್ಲೂ ಬಂತು, ಒಂದು ಕನ್ನಡದ್ದು, ಒಂದು ಇಂಗ್ಲಿಷಿನದ್ದು. ಹೆಸರು, ಸೈಟ್ ನಂಬರ್, ಬಾಕಿ ಮೊತ್ತ, ಚಕ್ಕುಬಂದಿ ಎಲ್ಲ. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಇಂಥವರ ಮನೆ ಅಂತ ಪಕ್ಕದ ಮನೆಯವರ ಹೆಸರೂ ಅಚ್ಚಾಗಿತ್ತು. ಅವರು ಪೇಪರ್ ಕೈಯಲ್ಲಿ ಹಿಡಿದು ಬಂದು "ನಮ್ಮ ಹೆಸರು ಯಾಕೆ ಬಂದಿದೆ ಇದರಲ್ಲಿ?" ಅಂತ ಅಕ್ಕನನ್ನು ಕೇಳಿದರು. ಅವರದೇನೂ ತಪ್ಪಿಲ್ಲ, ಆದರೆ ಬೀದಿಗೆಲ್ಲ ಗೊತ್ತಾಗಲು ಇನ್ನೇನು ಬೇಕು.

ಆಮೇಲಿನ ಉತ್ತರಗಳನ್ನು ಹಾಗೇ ಬರೆಯುತ್ತೇನೆ. ನಾಳೆ ನಿಮಗೂ ಇವೇ ಬರುತ್ತವೆ.

ಕಲೆಕ್ಷನ್‌ನವನು: "ಸರ್, ಅದು ಲೀಗಲ್‌ನವರು ಮಾಡಿರೋದು, ನಮ್ಮ ಕೈಲಿಲ್ಲ. ಸಾಂಕೇತಿಕ ಸ್ವಾಧೀನ ಅಷ್ಟೇ, ಯಾರೂ ಮನೆ ಖಾಲಿ ಮಾಡಿಸಲ್ಲ, ಆರಾಮಾಗಿರಿ."

ಬ್ರಾಂಚಿನವರು: "ಹೆಡ್ ಆಫೀಸಿಗೆ ಹೋಗಿದೆ ಫೈಲು."

ಲೀಗಲ್‌ನವರು: "ಕಲೆಕ್ಷನ್ ಬೇರೆ, ಲೀಗಲ್ ಬೇರೆ. ಅವರು ಏನು ಹೇಳಿದ್ರೋ ನಮಗೆ ಗೊತ್ತಿಲ್ಲ. ಹೋಲ್ಡ್ ಮಾಡ್ತೀವಿ ಅಂತ ಬರೆದು ಕೊಟ್ಟಿದ್ದಾರಾ?"

ಮೂರು ಕಂತು ತಗೊಂಡಿದ್ದೀರಲ್ಲ ಅಂತ ಕೇಳಿದರೆ: "ತಗೊಂಡಿದ್ದೀವಿ, ಸಾಲಕ್ಕೇ ಜಮಾ ಆಗಿದೆ. ರಸೀದಿ ಕೆಳಗೆ ಓದಿ." ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇದೆ, ಈ ಪಾವತಿಯಿಂದ ಕಂಪನಿಯ ಕಾನೂನು ಹಕ್ಕುಗಳಿಗೆ ಯಾವ ಬಾಧಕವೂ ಇಲ್ಲ ಅಂತ. ದುಡ್ಡು ಅವರಿಗೆ, ಗಡುವು ನಮಗೆ. ಮೈ ಉರಿದದ್ದು ಇಲ್ಲಿ.

ಬಿಡಿಬಿಡಿಯಾಗಿ ಕಟ್ಟಿದ್ದು ಯಾಕೆ ಉಪಯೋಗಕ್ಕೆ ಬರಲಿಲ್ಲ ಅಂದರೆ, ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಅದಕ್ಕೂ ಮುಂಚೆ ಎಚ್ಚರಿಕೆಯ ಹಂತಗಳು: 30 ದಿನದವರೆಗೆ ಎಸ್‌ಎಂಎ-0, 60ರವರೆಗೆ ಎಸ್‌ಎಂಎ-1, 90ರವರೆಗೆ ಎಸ್‌ಎಂಎ-2. ಬಾಕಿ ಕಂತು ಕಟ್ಟಿ ಸರಿಮಾಡಿಕೊಳ್ಳುವ ಸುಲಭದ ಕಾಲ ಅದೇ. ಒಮ್ಮೆ ಎನ್‌ಪಿಎ ಆದ ಮೇಲೆ 2021ರ ನವೆಂಬರಿನ ಆರ್‌ಬಿಐ ಸ್ಪಷ್ಟೀಕರಣದ ಪ್ರಕಾರ ಅಸಲು ಬಡ್ಡಿಯ ಹಳೇ ಬಾಕಿ ಪೂರ್ತಿ ಸೊನ್ನೆಯಾದರೆ ಮಾತ್ರ ಖಾತೆ ಮತ್ತೆ ಸ್ಟ್ಯಾಂಡರ್ಡ್, ಅಂದರೆ ಸರಿಯಾದ ಖಾತೆ. ಲೆಕ್ಕ ನೋಡಿ: ನಾಲ್ಕು ಕಂತು ಬಾಕಿ, ಕಟ್ಟಿದ್ದು ಮೂರು, ಅಷ್ಟರಲ್ಲಿ ಹೊಸದಾಗಿ ಎರಡು ಬಿದ್ದವು. ನಾಲ್ಕಕ್ಕೆ ಎರಡು ಸೇರಿ ಆರು, ಮೂರು ಕಳೆದರೆ ಮೂರು. 72,000 ಕೊಟ್ಟರೂ ಎನ್‌ಪಿಎ ಪಟ್ಟಿ ಅಲ್ಲೇ, 13(2) ನೋಟಿಸೂ ಅಲ್ಲೇ. ಬಂಗಾರ ಅಡವಿಟ್ಟಾದರೂ ಬಾಕಿ ಕಂತು, ದಂಡ ಶುಲ್ಕ, ನೋಟಿಸ್ ಖರ್ಚು ಎಲ್ಲ ಒಂದೇ ಏಟಿಗೆ ಕಟ್ಟಿದರೆ ಅದಕ್ಕೊಂದು ಅರ್ಥ. ಅದೂ "ಇಷ್ಟು ಕಟ್ಟಿದರೆ ಖಾತೆ ಸರಿಮಾಡಿ 13(2) ನೋಟಿಸ್ ಹಿಂತೆಗೆಯುತ್ತೇವೆ" ಅಂತ ಕಂಪನಿಯ ಇಮೇಲ್ ಬಂದ ಮೇಲೆ. 13(2) ಆದ ಮೇಲೆ ಅವರು ಪೂರ್ತಿ ಸಾಲ ಕೇಳಬಹುದು, ಬರೀ ಬಾಕಿ ಕಂತಿಗೆ ಒಪ್ಪಿಕೊಳ್ಳುವುದು ಅವರ ಮರ್ಜಿ. ಒನ್ ಟೈಮ್ ಸೆಟಲ್‌ಮೆಂಟ್, ಅಂದರೆ ಕಡಿಮೆ ಮೊತ್ತಕ್ಕೆ ಒಪ್ಪಿಸಿ ಸಾಲ ಮುಗಿಸುವುದು, ಕೂಡ ಹಾಗೇ. ಅದು ಸಾಲಗಾರನ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಸಿಕ್ಕಿದರೂ ಸಿಬಿಲ್‌ನಲ್ಲಿ "ಸೆಟಲ್ಡ್" ಅಂತ ಬೀಳುತ್ತದೆ, "ಕ್ಲೋಸ್ಡ್" ಅಂತ ಅಲ್ಲ.

ನೋಟಿಸ್ ಬಂದ ದಿನ ಮಾಡಬೇಕಾದ ಕೆಲಸ ಒಂದೇ: ಅದೇ ಕಾಯ್ದೆಯ 13(3ಎ) ಅಡಿ ಲಿಖಿತ ಆಕ್ಷೇಪಣೆ. ಸ್ಪೀಡ್ ಪೋಸ್ಟಿನಲ್ಲಿ, ನೋಟಿಸಿಗೆ ಸಹಿ ಹಾಕಿರುವ ಅಧಿಕೃತ ಅಧಿಕಾರಿಯ ಹೆಸರಿಗೆ. ಬ್ರಾಂಚಿಗಲ್ಲ, ಕಲೆಕ್ಷನ್‌ನವನ ವಾಟ್ಸಾಪಿಗಂತೂ ಅಲ್ಲವೇ ಅಲ್ಲ. ಅವರು 15 ದಿನದೊಳಗೆ ಕಾರಣ ಕೊಟ್ಟು ಉತ್ತರಿಸಬೇಕು. ಆ ಉತ್ತರದ ಮೇಲೆ ಆಗಲೇ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ಬರುವುದಿಲ್ಲ ನಿಜ. ಆದರೆ ಅವರು ಉತ್ತರಿಸದೇ ಸ್ವಾಧೀನಕ್ಕೆ ಬಂದರೆ ಮುಂದೆ ನಿಮ್ಮ ಕೈಯಲ್ಲಿರುವ ಗಟ್ಟಿ ಆಧಾರ ಅದೇ. ಅದರಲ್ಲಿ ಕೇಳಬೇಕಾದ್ದು: ಶುರುವಿನಿಂದ ಖಾತೆಯ ವಿವರ, ಬಡ್ಡಿ ದರ ಯಾವಾಗ ಎಷ್ಟು ಏರಿತು, ಸಾಲದ ಜೊತೆಗೇ ತಲೆಗೆ ಕಟ್ಟಿದ ವಿಮೆಯ ಪ್ರೀಮಿಯಂ ಎಷ್ಟು, ದಂಡ ಎಷ್ಟು. 2024ರಿಂದ ಆರ್‌ಬಿಐ ನಿಯಮದಂತೆ ದಂಡವನ್ನು ಬಡ್ಡಿ ರೂಪದಲ್ಲಿ ಹಾಕುವಂತಿಲ್ಲ, ಶುಲ್ಕವಾಗಿ ಮಾತ್ರ, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಬೆಳೆಸುವಂತಿಲ್ಲ. ಸ್ಟೇಟ್‌ಮೆಂಟ್ ತರಿಸಿಕೊಂಡು ಸಾಲು ಸಾಲಾಗಿ ನೋಡಿ. ಲಕೋಟೆಯನ್ನು ಪೋಸ್ಟ್‌ಮ್ಯಾನ್‌ಗೆ ವಾಪಸ್ ಕಳಿಸಿದರೆ ಬಚಾವ್ ಅಂದುಕೊಳ್ಳಬೇಡಿ, ಬಾಗಿಲಿಗೆ ಅಂಟಿಸಿ ಪೇಪರಿಗೆ ಹಾಕಿದರೂ ಜಾರಿಯಾದ ಹಾಗೇ.

ಈಗ ಅತಿ ಮುಖ್ಯವಾದದ್ದು. "ಸಾಂಕೇತಿಕ ಸ್ವಾಧೀನ ಅಷ್ಟೇ, ಆರಾಮಾಗಿರಿ" ಅಂದನಲ್ಲ, ಅದಕ್ಕಿಂತ ದೊಡ್ಡ ಮೋಸದ ಮಾತು ಇನ್ನೊಂದಿಲ್ಲ. ಮನೆಯಲ್ಲಿ ನೀವೇ ಇರುತ್ತೀರಿ, ಬೀಗ ನಿಮ್ಮದೇ, ಹಾಗಾಗಿ ಏನೂ ಆಗಿಲ್ಲ ಅನಿಸುತ್ತದೆ. ಆದರೆ ಸೆಕ್ಷನ್ 17ರಲ್ಲಿ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ ಹೋಗುವ 45 ದಿನದ ಎಣಿಕೆ ಆ ಸ್ವಾಧೀನದಿಂದಲೇ ಶುರು. ಆರಾಮಾಗಿ ಕೂತರೆ ಅದು ಕಳೆದು ಹೋಗುತ್ತದೆ. ಅವರಿಗೆ ಬೇಕಾಗಿರುವುದೂ ಅದೇ. ನಮ್ಮ ರಾಜ್ಯಕ್ಕೆ ಡಿಆರ್‌ಟಿ ಇರುವುದು ಬೆಂಗಳೂರಿನಲ್ಲಿ, ಮೇಲ್ಮನವಿಗೆ ಚೆನ್ನೈ. ಅರ್ಜಿ ಶುಲ್ಕ ಹೆದರುವಷ್ಟೇನಿಲ್ಲ: ಬಾಕಿ 10 ಲಕ್ಷದವರೆಗೆ ಲಕ್ಷಕ್ಕೆ 500, ಅದರ ಮೇಲೆ 5,000ಕ್ಕೆ ಪ್ರತಿ ಹೆಚ್ಚುವರಿ ಲಕ್ಷಕ್ಕೆ 250 ಸೇರಿಸಿ. 23 ಲಕ್ಷಕ್ಕೆ 8,250. ವಕೀಲರ ಫೀಜು ಬೇರೆ. ತಡೆಯಾಜ್ಞೆ ಸಾಮಾನ್ಯವಾಗಿ ಬಿಟ್ಟಿ ಸಿಗುವುದಿಲ್ಲ, ಬಾಕಿಯಲ್ಲಿ ಒಂದು ಭಾಗ ಕಟ್ಟಿ ಅನ್ನುತ್ತಾರೆ. ಕಲೆಕ್ಷನ್‌ನವನಿಗೆ ಸುರಿದ 72,000 ಕೈಯಲ್ಲಿದ್ದಿದ್ದರೆ ಅಲ್ಲಿ ಉಪಯೋಗಕ್ಕೆ ಬರುತ್ತಿತ್ತು.

ಡಿಆರ್‌ಟಿಯಲ್ಲಿ ಹಿಡಿಯಬೇಕಾದದ್ದು ಭಾವನೆಯನ್ನಲ್ಲ, ತಾರೀಖುಗಳನ್ನು. 60 ದಿನ ಪೂರ್ತಿ ಬಿಟ್ಟರಾ? ಸ್ವಾಧೀನ ನೋಟಿಸ್ 7 ದಿನದೊಳಗೆ ಎರಡು ಪೇಪರಿನಲ್ಲಿ, ಅದರಲ್ಲೊಂದು ಸ್ಥಳೀಯ ಭಾಷೆಯದು, ಬಂತಾ? ಹರಾಜಿಗೆ ಮುಂಚೆ ನಿಮಗೆ 30 ದಿನದ ಮಾರಾಟದ ನೋಟಿಸ್ ಕೊಟ್ಟರಾ? ಮೌಲ್ಯಮಾಪನ ಮಾಡಿಸಿದರಾ, ಮೀಸಲು ಬೆಲೆ, ಅಂದರೆ ಹರಾಜಿನ ಕನಿಷ್ಠ ಬೆಲೆ, ಯಾವ ಆಧಾರದ ಮೇಲೆ? ಹಾಗಾಗಿ ಲಕೋಟೆ ಬಿಸಾಡಬೇಡಿ. ಅಂಚೆ ಮುದ್ರೆಯ ತಾರೀಖು ಅದರ ಮೇಲೇ ಇರುವುದು. ಗೇಟಿಗೆ ಅಂಟಿಸಿದ್ದನ್ನು ನಾಚಿಕೆಗೆ ಕಿತ್ತು ಹರಿಯುವ ಮುಂಚೆ ಫೋಟೋ ತೆಗೆದಿಡಿ.

ಊರಿನ ವಕೀಲರು ಕೆಲವರು "ಸಿವಿಲ್ ಕೋರ್ಟಲ್ಲಿ ಇಂಜಂಕ್ಷನ್ ಹಾಕೋಣ" ಅನ್ನುತ್ತಾರೆ. ಸೆಕ್ಷನ್ 34 ಆ ಬಾಗಿಲು ಮುಚ್ಚಿದೆ. ಫೀಜೂ ಹೋಗುತ್ತದೆ, 45 ದಿನವೂ ಹೋಗುತ್ತದೆ. ಸರ್ಫೇಸಿ ಕೇಸು ನಡೆಸಿದವರನ್ನೇ ಹುಡುಕಿ. ಆ ಕಡೆ ಸಾಲ ಕೊಟ್ಟ ಕಂಪನಿಯವರು ಸೆಕ್ಷನ್ 14ರಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಅಫಿಡವಿಟ್ ಹಾಕಿ ಪೊಲೀಸ್ ನೆರವಿನಲ್ಲಿ ಮನೆ ಖಾಲಿ ಮಾಡಿಸುವ ಆದೇಶ ತರುತ್ತಾರೆ. ಅಲ್ಲಿ ನಿಮ್ಮ ವಾದ ಕೇಳುವ ಪದ್ಧತಿ ಇಲ್ಲ, ಕಾಗದ ಸರಿ ಇದೆಯಾ ಅಂತ ನೋಡುತ್ತಾರೆ, ಅಷ್ಟೇ.

"ಹರಾಜಿನ ದಿನದವರೆಗೂ ಟೈಮ್ ಇದೆ, ದುಡ್ಡು ಹೊಂದಿಸಿಕೊಳ್ಳಿ" ಅನ್ನುವವರೂ ಇದ್ದಾರೆ. ಅದು ಹಳೇ ಕಾನೂನು. 2016ರ ತಿದ್ದುಪಡಿ ಆದ ಮೇಲೆ 13(8)ರ ಪ್ರಕಾರ ಪೂರ್ತಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಬರುವ ತನಕ ಮಾತ್ರ. 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಪೇಪರಿನಲ್ಲಿ ಬಂದ ಮರುದಿನ ಚೀಲ ತುಂಬ ದುಡ್ಡು ತಂದರೂ ಬೇಡ ಅನ್ನಬಹುದು.

ಮನೆ ಉಳಿಯುವುದಿಲ್ಲ ಅಂತ ಖಾತ್ರಿಯಾದರೆ ಹರಾಜಿಗೆ ಬಿಡಬೇಡಿ, ನೀವೇ ಮಾರಿ. ಹರಾಜಿನಲ್ಲಿ ಮಾರುಕಟ್ಟೆ ಬೆಲೆ ಬರುವುದು ಅಪರೂಪ. ಆದರೆ 13(2) ನೋಟಿಸ್ ಆದ ಮೇಲೆ 13(13) ಪ್ರಕಾರ ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ, ಭೋಗ್ಯಕ್ಕೂ ಹಾಕುವಂತಿಲ್ಲ. ಕೊಳ್ಳುವವರನ್ನು ಗೊತ್ತುಮಾಡಿಕೊಂಡು ಒಪ್ಪಿಗೆ ಪತ್ರ, ಫೋರ್‌ಕ್ಲೋಷರ್ ಲೆಟರ್ (ಸಾಲ ಪೂರ್ತಿ ಮುಗಿಸಲು ಎಷ್ಟು ಕಟ್ಟಬೇಕು ಅನ್ನುವ ಪತ್ರ), ಕಂಪನಿಯ ಬಳಿ ಇರುವ ಮೂಲ ದಾಖಲೆಗಳ ಪಟ್ಟಿ, ಈ ಮೂರನ್ನೂ ಇಮೇಲಿನಲ್ಲಿ ಕೇಳಿ. ಕೊಳ್ಳುವವರ ದುಡ್ಡು ನೇರವಾಗಿ ಸಾಲದ ಖಾತೆಗೇ ಹೋಗಲಿ. ಹರಾಜೇ ಆಗಿಹೋದರೂ ಬಾಕಿ, ಖರ್ಚು ಕಳೆದು ಮಿಕ್ಕಿದ್ದು ನಿಮಗೆ ಸೇರಬೇಕು, ಕೇಳದಿದ್ದರೆ ತಾವಾಗಿ ತಂದು ಕೊಡುತ್ತಾರೆ ಅಂತ ಕಾಯಬೇಡಿ. ಕಡಿಮೆ ಬಿದ್ದರೆ ಉಳಿದದ್ದಕ್ಕೆ ನಿಮ್ಮ ಮೇಲೂ ಜಾಮೀನುದಾರರ ಮೇಲೂ ಮತ್ತೆ ಬರುತ್ತಾರೆ.

ಸಾಲ ಬಹುಪಾಲು ತೀರಿಸಿದವರಿಗೆ ಒಂದು ಮಾತು: ಉಳಿದ ಬಾಕಿ ಅಸಲು ಬಡ್ಡಿ ಸೇರಿದ ಮೊತ್ತದ 20% ಒಳಗಿದ್ದರೆ ಈ ಕಾಯ್ದೆ ಬಳಸುವಂತೆಯೇ ಇಲ್ಲ, ಸೆಕ್ಷನ್ 31 ನೋಡಿ. ಮಾಮೂಲಿ ಎನ್‌ಬಿಎಫ್‌ಸಿಯ, ಅಂದರೆ ಬ್ಯಾಂಕಲ್ಲದ ಹಣಕಾಸು ಕಂಪನಿಯ, ಸಾಲ 20 ಲಕ್ಷಕ್ಕಿಂತ ಕಡಿಮೆ ಇದ್ದರೂ ಇಲ್ಲ. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಅಧಿಸೂಚನೆ ಬೇರೆ, ಅಲ್ಲಿ ಈ 20 ಲಕ್ಷದ ಮಿತಿ ನೆಚ್ಚಿಕೊಳ್ಳಬೇಡಿ.

2025ರ ನಮ್ಮ ರಾಜ್ಯದ ಕಿರುಸಾಲ ಕಾನೂನು ಕಾಪಾಡುತ್ತದೆ ಅಂತ ಭಾವನಿಗೆ ಯಾರೋ ಹೇಳಿದ್ದರು. ಆರ್‌ಬಿಐ ನೋಂದಣಿ ಇರುವ ಬ್ಯಾಂಕು, ಎನ್‌ಬಿಎಫ್‌ಸಿಗಳಿಗೆ ಅದು ಅನ್ವಯಿಸುವುದಿಲ್ಲ. "ಹೆಡ್ ಆಫೀಸಲ್ಲಿ ನಮ್ಮವರಿದ್ದಾರೆ, ಅರ್ಧಕ್ಕೆ ಸೆಟಲ್ ಮಾಡಿಸ್ತೀವಿ, ಮುಂಗಡ ಕೊಡಿ" ಅನ್ನುವ ದಲ್ಲಾಳಿಗಳು ಪೇಪರಿನಲ್ಲಿ ನೋಟಿಸ್ ಬಂದ ವಾರದಿಂದಲೇ ಫೋನ್ ಮಾಡುತ್ತಾರೆ. ನಂಬರ್ ಬ್ಲಾಕ್ ಮಾಡಿ.

ದೂರು ಕೊಡುವುದಾದರೆ ಮೊದಲು ಕಂಪನಿಗೇ ಲಿಖಿತವಾಗಿ ಕೊಡಿ. 30 ದಿನ ಕಾದರೂ ಆಗದಿದ್ದರೆ, ಬ್ಯಾಂಕಿನ ಸಾಲಕ್ಕೆ ಆರ್‌ಬಿಐ ಒಂಬುಡ್ಸ್‌ಮನ್, ಹೌಸಿಂಗ್ ಫೈನಾನ್ಸ್ ಕಂಪನಿಯದಾದರೆ ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ಗ್ರಿಡ್ಸ್ ಪೋರ್ಟಲ್. ದೂರು ಹಾಕಿದ್ದೇವೆ ಅಂತ ಡಿಆರ್‌ಟಿಯ 45 ದಿನ ನಿಲ್ಲುವುದಿಲ್ಲ, ಎರಡನ್ನೂ ಒಟ್ಟಿಗೇ ಮಾಡಿ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಮಾಡಿದರೆ ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್ ಅದೇ ದೂರಿಗೆ ಸೇರಿಸಿ.

ಆ ಹುಡುಗ ಈಗಲೂ ಫೋನ್ ಮಾಡುತ್ತಾನೆ, "ಈ ತಿಂಗಳದ್ದು ಒಂದು ಕಂತು ಹಾಕಿಬಿಡಿ ಸರ್, ನಾನು ಮಾತಾಡ್ತೀನಿ" ಅಂತ. ಅಧಿಕೃತ ಅಧಿಕಾರಿಯಿಂದ ಇಮೇಲ್ ಹಾಕಿಸಪ್ಪಾ, ಆಮೇಲೆ ನೋಡೋಣ ಅಂದರೆ ಲೈನ್ ಕಟ್.