ಮನೆಯ ಭೌತವಿಜ್ಞಾನ ಪೆಟ್ಟಿಗೆ: ಸಾಮಾನು ಚೆನ್ನಾಗಿದೆ, ಕೈಪಿಡಿ ಬೇಡ

ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳಿಗಾಗಿ ಕಳೆದ ಜೂನ್ ತಿಂಗಳಲ್ಲಿ ಜಯನಗರದ ಅಂಗಡಿಯೊಂದರಿಂದ ಭೌತವಿಜ್ಞಾನದ ಪ್ರಯೋಗಪೆಟ್ಟಿಗೆಯನ್ನು 2,450 ರೂಪಾಯಿ ಕೊಟ್ಟು ತಂದೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದ ನನಗೆ ಇಂತಹ ಪೆಟ್ಟಿಗೆಗಳ ವಿಷಯದಲ್ಲಿ ಅನುಮಾನ ಸಹಜವಾದ್ದರಿಂದ, ನಾಲ್ಕು ತಿಂಗಳು ಬಳಸಿ ನೋಡಿದ ನಂತರವೇ ಇದನ್ನು ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಹೇಳುವುದಿಲ್ಲ; ಹೆಚ್ಚುಕಡಿಮೆ ಇದೇ ಸಾಮಾನು ಬೇರೆ ಬೇರೆ ಮುಚ್ಚಳದ ಕೆಳಗೆ ಊರೆಲ್ಲ ಮಾರಾಟವಾಗುತ್ತಿದೆ. ಪೆಟ್ಟಿಗೆಯಲ್ಲಿ ಒಂದು ಪೀನ ಮಸೂರ, ಒಂದು ನಿಮ್ನ ದರ್ಪಣ, ಗಾಜಿನ ಚಪ್ಪಡಿ, ಅಮ್ಮೀಟರ್, ವೋಲ್ಟ್‌ಮೀಟರ್, ನಾಲ್ಕು ಶೆಲ್ ಹಿಡಿಯುವ ಹೋಲ್ಡರ್, 6 ವೋಲ್ಟ್‌ನ ಬಲ್ಬು, ವೈರುಗಳು, ದಿಕ್ಸೂಚಿ, ಲೋಲಕದ ಗುಂಡು, 5 ನ್ಯೂಟನ್‌ವರೆಗೆ ಅಳೆಯುವ ಸ್ಪ್ರಿಂಗ್ ತ್ರಾಸು ಮತ್ತು ನಲವತ್ತು ಪುಟಗಳ ಕನ್ನಡ ಕೈಪಿಡಿ ಇವೆ.

ಬೆಳಕಿನ ಭಾಗಕ್ಕೆ ನನ್ನ ಆಕ್ಷೇಪವಿಲ್ಲ. ಮಸೂರವನ್ನು ಕಿಟಕಿಯ ಎದುರಿನ ಗೋಡೆಗೆ ಹಿಡಿದರೆ ಹೊರಗಿನ ಹೊಂಗೆ ಮರ ತಲೆಕೆಳಗಾಗಿ ಸ್ಪಷ್ಟವಾಗಿ ಮೂಡುತ್ತದೆ. ಮಸೂರದಿಂದ ಗೋಡೆಗಿರುವ ದೂರವನ್ನು ಅಳೆದಾಗ ಅದರ ಸಂಗಮ ದೂರ 15 ಸೆಂಟಿಮೀಟರ್ ಎಂದು ಎರಡೇ ನಿಮಿಷದಲ್ಲಿ ತಿಳಿಯಿತು. ದೀಪವನ್ನು 30 ಸೆಂಟಿಮೀಟರ್ ದೂರದಲ್ಲಿಟ್ಟರೆ ಆಚೆ 30ರಲ್ಲಿ ಅಷ್ಟೇ ಗಾತ್ರದ ಪ್ರತಿಬಿಂಬ ಸಿಗುತ್ತದೆ, 20ಕ್ಕೆ ತಂದರೆ ಸೂತ್ರದ ಪ್ರಕಾರ 60ರಲ್ಲಿ ಮೂರು ಪಟ್ಟು ದೊಡ್ಡದಾಗಿ ಸಿಗಬೇಕು. ನಮಗೆ 58ರಲ್ಲಿ ಸಿಕ್ಕಿತು. ದೀಪವನ್ನು 15ಕ್ಕಿಂತ ಹತ್ತಿರ ತಂದಾಗ ಪರದೆಯ ಮೇಲೆ ಏನೂ ನಿಲ್ಲದೆ, ಮಸೂರದೊಳಗೆ ಕಣ್ಣಿಟ್ಟು ನೋಡಿದರೆ ಮಾತ್ರ ನೆಟ್ಟಗಿನ ದೊಡ್ಡ ಜ್ವಾಲೆ ಕಾಣುತ್ತದೆ. ಸತ್ಯ ಪ್ರತಿಬಿಂಬಕ್ಕೂ ಮಿಥ್ಯ ಪ್ರತಿಬಿಂಬಕ್ಕೂ ಇರುವ ವ್ಯತ್ಯಾಸವನ್ನು ಕರಿಹಲಗೆಯ ಮೇಲೆ ಎಷ್ಟು ಕಿರಣಚಿತ್ರ ಬರೆದರೂ ಇಷ್ಟು ಸಲೀಸಾಗಿ ನಾನು ಮನದಟ್ಟು ಮಾಡಿಸಿದ್ದಿಲ್ಲ. ಮಸೂರದ ಅರ್ಧಕ್ಕೆ ಕಪ್ಪು ಕಾಗದ ಅಂಟಿಸಿದರೆ ಏನಾಗುತ್ತದೆ ಎಂದು ಕೇಳಿದಾಗ ಹುಡುಗಿ ಥಟ್ಟನೆ "ಅರ್ಧ ಮರ ಕಾಣುತ್ತೆ ತಾತ" ಎಂದಳು. ಅಂಟಿಸಿ ನೋಡಿದಾಗ ಮರ ಪೂರ್ತಿ ಇತ್ತು, ಬೆಳಕು ಮಾತ್ರ ಮಂಕಾಗಿತ್ತು. ಮರದ ಪ್ರತಿಯೊಂದು ಬಿಂದುವಿನಿಂದ ಹೊರಟ ಕಿರಣಗಳು ಮಸೂರದ ಎಲ್ಲ ಭಾಗದ ಮೇಲೂ ಬೀಳುತ್ತವೆ ಎಂಬುದನ್ನು ಆಮೇಲೆ ನಾನು ವಿವರಿಸಬೇಕಾಗಲಿಲ್ಲ, ಅವಳೇ ವಿವರಿಸಿದಳು. ಪರೀಕ್ಷೆಗಳಲ್ಲಿ ಮಕ್ಕಳನ್ನು ಬೀಳಿಸುವ ಈ ಪ್ರಶ್ನೆ ಕೈಪಿಡಿಯಲ್ಲಿಲ್ಲ. ಅದರಲ್ಲಿರುವುದು ಪಠ್ಯಪುಸ್ತಕದ 'ಸಂಗಮ ದೂರ'ವನ್ನು ಒಂದು ಪುಟದಲ್ಲಿ 'ನಾಭಿ ದೂರ'ವೆಂದೂ ಮತ್ತೊಂದು ಪುಟದಲ್ಲಿ 'ಫೋಕಲ್ ಉದ್ದ'ವೆಂದೂ ಕರೆದು ಗೊಂದಲ ಹುಟ್ಟಿಸುವ ಭಾಷೆ.

ವಿದ್ಯುತ್ತಿನ ಭಾಗದಲ್ಲಿ ತೊಂದರೆ ಭಾಷೆಯದಲ್ಲ. ವಿಭವಾಂತರ (ವೋಲ್ಟೇಜ್) ಹೆಚ್ಚಿದಷ್ಟೇ ಪ್ರಮಾಣದಲ್ಲಿ ಪ್ರವಾಹವೂ ಹೆಚ್ಚುತ್ತದೆ ಎಂಬ ಓಮ್‌ನ ನಿಯಮವನ್ನು 'ಸಾಬೀತುಪಡಿಸಲು' ಕೈಪಿಡಿ ಆ 6 ವೋಲ್ಟ್ ಬಲ್ಬನ್ನು ಬಳಸುವಂತೆ ಸೂಚಿಸುತ್ತದೆ. ಶೆಲ್‌ಗಳನ್ನು ಒಂದೊಂದಾಗಿ ಹೆಚ್ಚಿಸಿ ವಿಭವಾಂತರ ಮತ್ತು ವಿದ್ಯುತ್ ಪ್ರವಾಹವನ್ನು ಗುರುತಿಸಿ ನಕ್ಷೆ ಎಳೆದರೆ 'ಸರಳರೇಖೆ ಬರುತ್ತದೆ' ಎಂದು ದಪ್ಪಕ್ಷರದಲ್ಲಿ ಮುದ್ರಿಸಿದೆ. ಬರುವುದಿಲ್ಲ. ಪೆಟ್ಟಿಗೆಯ ಅಮ್ಮೀಟರ್ 0ಯಿಂದ 3 ಆಂಪಿಯರ್‌ವರೆಗಿನದು, ಅದರ ಒಂದು ಗೆರೆಗೆ 0.1 ಆಂಪಿಯರ್, ಈ ಬಲ್ಬಿನ ಎಲ್ಲ ಅಳತೆಗಳೂ ಮೊದಲ ಮೂರು ಗೆರೆಗಳೊಳಗೇ ಮುಗಿದುಹೋಗುತ್ತವೆ. ನನ್ನ ಹಳೆಯ ಮಲ್ಟಿಮೀಟರ್ ಜೋಡಿಸಿ ಅಳೆದಾಗ 1.4 ವೋಲ್ಟ್‌ಗೆ 0.13, 2.7ಕ್ಕೆ 0.19, 4.0ಗೆ 0.23, 5.2ಕ್ಕೆ 0.27 ಆಂಪಿಯರ್ ಬಂತು. ಅಂದರೆ ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿದಾಗ ಸಿಗುವ ರೋಧವು ಸುಮಾರು 11 ಓಮ್‌ನಿಂದ 19 ಓಮ್‌ಗೆ ಏರಿದೆ. ಬಲ್ಬಿನೊಳಗಿನ ತಂತು ಕಾದಂತೆ ಅದರ ರೋಧ ಹೆಚ್ಚುತ್ತದೆ. ಓಮ್‌ನ ನಿಯಮ ಹೇಳುವುದು ತಾಪ ಬದಲಾಗದೆ ಇದ್ದಾಗಿನ ಮಾತನ್ನು. ಬಲ್ಬು ಅದನ್ನು ಪಾಲಿಸದಿರುವುದೇ ಸರಿಯಾದ ಭೌತವಿಜ್ಞಾನ.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ನಾನು ಮನೆಯಲ್ಲಿಲ್ಲದ ದಿನ ಮೊಮ್ಮಗಳು ಒಬ್ಬಳೇ ಈ ಪ್ರಯೋಗ ಮಾಡಿ, ಗೆರೆ ಬಾಗಿದ್ದನ್ನು ಕಂಡು ತನ್ನದೇ ತಪ್ಪೆಂದು ಭಾವಿಸಿ, ಎರಡು ಅಂಕಿಗಳನ್ನು ರಬ್ಬರಿನಿಂದ ಅಳಿಸಿ ರೇಖೆಯನ್ನು ನೇರ ಮಾಡಿದ್ದಳು. ಶಾಲೆಯ ರೆಕಾರ್ಡ್ ಪುಸ್ತಕಗಳಲ್ಲಿ ನೂರಾರು ಮಕ್ಕಳು ಹೀಗೆ ಮಾಡಿದ್ದನ್ನು ಕಂಡು ಸಹಿ ಹಾಕಿದ ಪಾಪ ನನಗೂ ಇದೆ. ಉತ್ತರವನ್ನು ಮೊದಲೇ ಅಚ್ಚು ಹಾಕಿ ಕೊಡುವ ಕೈಪಿಡಿ ಮಗುವಿಗೆ ಅಭ್ಯಾಸ ಮಾಡಿಸುವುದು ಅಳತೆಯನ್ನಲ್ಲ, ಅಳತೆಯನ್ನು ತಿದ್ದುವುದನ್ನು. ಈ ಒಂದು ಕಾರಣಕ್ಕೆ ಕೈಪಿಡಿಯನ್ನು ಅಟ್ಟಕ್ಕೆ ಹಾಕಿದ್ದೇನೆ. ಮರುದಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋಗಿ, ಸಂದಿಯಂತಹ ಅಂಗಡಿಯೊಂದರಲ್ಲಿ 22 ಓಮ್, 5 ವ್ಯಾಟ್‌ನ ಬಿಳಿಯ ಸಿಮೆಂಟ್ ರೋಧಕಗಳೆರಡನ್ನು ಕೊಂಡು ತಂದೆವು. ಎರಡೂ ಸೇರಿ ಒಂದು ಕಾಫಿಯ ಬೆಲೆ. ಬಲ್ಬಿನ ಜಾಗದಲ್ಲಿ ಅವುಗಳಲ್ಲೊಂದನ್ನು ಕೂರಿಸಿದಾಗ 1.5, 2.9, 4.4, 5.8 ವೋಲ್ಟ್‌ಗಳಿಗೆ ಕ್ರಮವಾಗಿ 0.07, 0.13, 0.20, 0.26 ಆಂಪಿಯರ್ ಬಂದು ರೇಖೆ ತಾನಾಗಿಯೇ ನೆಟ್ಟಗಾಯಿತು. ಎರಡನ್ನೂ ಸರಣಿಯಲ್ಲಿ ಜೋಡಿಸಿದರೆ 44, ಸಮಾಂತರವಾಗಿ ಜೋಡಿಸಿದರೆ 11 ಓಮ್ ಎಂಬುದನ್ನೂ ಅದರಲ್ಲೇ ನೋಡಬಹುದು. ಅಗ್ಗವೆಂದು ಕಾಲು ವ್ಯಾಟ್‌ನ ಸಣ್ಣ ರೋಧಕ ತಂದು ಇದೇ ಮಂಡಲಕ್ಕೆ ಹಾಕಬೇಡಿ, ಸುಟ್ಟುಹೋಗುತ್ತದೆ.

ಲೋಲಕಕ್ಕೆ ಕೊಟ್ಟಿರುವ ದಾರ 60 ಸೆಂಟಿಮೀಟರ್, ಕೈಪಿಡಿಯ ಸಲಹೆ ಒಂದೇ ಆಂದೋಲನದ ಕಾಲವನ್ನು ಅಳೆಯುವುದು. ಗಡಿಯಾರದ ಗುಂಡಿ ಒತ್ತುವಾಗ ಬೆರಳು 0.2 ಸೆಕೆಂಡ್ ತಡವಾದರೂ ಸುಮಾರು ಒಂದೂವರೆ ಸೆಕೆಂಡಿನ ಅಳತೆಯಲ್ಲಿ ಅದು ನೂರಕ್ಕೆ ಹದಿಮೂರರಷ್ಟು ತಪ್ಪು. ಗುರುತ್ವ ವೇಗೋತ್ಕರ್ಷದ, ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಹೆಚ್ಚುವ ದರದ ಲೆಕ್ಕದಲ್ಲಿ ಕಾಲದ ವರ್ಗ ಬರುವುದರಿಂದ ಅಲ್ಲಿ ಸುಮಾರು ಇಪ್ಪತ್ತೈದರಷ್ಟು. ನಾವು ಹೊಲಿಗೆಯ ದಾರವನ್ನು ಗುಂಡಿನ ಮಧ್ಯದವರೆಗೆ ಸರಿಯಾಗಿ 1 ಮೀಟರ್ ಬರುವಂತೆ ಕಟ್ಟಿ, ಇಪ್ಪತ್ತು ಆಂದೋಲನಗಳನ್ನು ಎಣಿಸಿದೆವು. 40.4 ಸೆಕೆಂಡ್ ಬಂತು, ಅದರಿಂದ ಗುರುತ್ವ ವೇಗೋತ್ಕರ್ಷ 9.68 ಮೀ/ಸೆ². ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಅದು 9.78ರ ಹತ್ತಿರ ಇರಬೇಕು. ಮೊಮ್ಮಗಳು ಈ ಸಲ ರಬ್ಬರ್ ಹುಡುಕಲಿಲ್ಲ. ಬೆರಳು ಎಷ್ಟು ತಡವಾಗಿರಬಹುದೆಂದು ಪಕ್ಕದಲ್ಲಿ ಲೆಕ್ಕ ಬರೆದಿಟ್ಟಳು.

ದಿಕ್ಸೂಚಿಯ ಮುಳ್ಳು ಮೊದಲ ವಾರವೇ ಸಿಕ್ಕಿಹಾಕಿಕೊಂಡಿತು, ಅಂಗಡಿಯವರು ಮರುಮಾತಿಲ್ಲದೆ ಬದಲಿಸಿ ಕೊಟ್ಟರು. 1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಅಯರ್‌ಸ್ಟೆಡ್ ಗಮನಿಸಿದ, ವೈರಿನಲ್ಲಿ ವಿದ್ಯುತ್ ಹರಿದೊಡನೆ ಮುಳ್ಳು ತಿರುಗುವ ಪ್ರಯೋಗಕ್ಕೆ ಅದು ಸಾಕು. ಗಾಜಿನ ಚಪ್ಪಡಿಯ ಅಂಚುಗಳು ಹರಿತವಾಗಿವೆ, ಮರಳು ಕಾಗದದಿಂದ ಉಜ್ಜಿಕೊಳ್ಳಿ.

ಇಡೀ ಪೆಟ್ಟಿಗೆಯಲ್ಲಿ ನನ್ನ ಮೆಚ್ಚಿನ ವಸ್ತು ಕೈಪಿಡಿ ಅರ್ಧ ಪುಟವನ್ನೂ ಮೀಸಲಿಡದ ಸ್ಪ್ರಿಂಗ್ ತ್ರಾಸು. ನಮ್ಮ ಬೀದಿಯಲ್ಲಿ ಮನೆ ಕಟ್ಟುತ್ತಿರುವ ಕಡೆ ಬಿದ್ದಿದ್ದ ಸೈಜುಗಲ್ಲಿನ ಚೂರೊಂದನ್ನು ದಾರದಲ್ಲಿ ಕಟ್ಟಿ ತೂಗಿದಾಗ 3.0 ನ್ಯೂಟನ್, ಅದನ್ನೇ ತಳಕ್ಕೆ ತಾಗದಂತೆ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದಾಗ 1.9. ಮುಳುಗಿಸುವ ಮುನ್ನ ಮುಳ್ಳು ಎಲ್ಲಿ ನಿಲ್ಲುತ್ತದೆಂದು ಬರೆದಿಡುವಂತೆ ಹೇಳಿದ್ದೆ, ಅವಳು 2.8 ಎಂದು ಬರೆದಿದ್ದಳು. ಕಡಿಮೆಯಾದ 1.1 ನ್ಯೂಟನ್ ಕಲ್ಲು ಸ್ಥಾನಪಲ್ಲಟಗೊಳಿಸಿದ ನೀರಿನ ತೂಕ ಎಂಬುದು ಆರ್ಕಿಮಿಡೀಸನ ತತ್ತ್ವ, 3.0ನ್ನು 1.1ರಿಂದ ಭಾಗಿಸಿದರೆ ಕಲ್ಲಿನ ಸಾಪೇಕ್ಷ ಸಾಂದ್ರತೆ, ಅಂದರೆ ಅದು ನೀರಿನ ಸಾಂದ್ರತೆಯ ಎಷ್ಟು ಪಟ್ಟು ಎಂಬುದು, 2.7. ಗ್ರಾನೈಟ್ ಜಾತಿಯ ಕಲ್ಲುಗಳ ಸಾಂದ್ರತೆ ಇದರ ಆಸುಪಾಸಿನಲ್ಲೇ ಇರುವುದರಿಂದ, ನಾಲ್ಕು ಸಾಲಿನ ಲೆಕ್ಕದಲ್ಲಿ ಬೀದಿಯ ಕಲ್ಲೊಂದು ತನ್ನ ಜಾತಿ ಹೇಳಿಕೊಂಡಂತಾಯಿತು. ಕಲ್ಲು ಬಕೆಟ್ಟಿನ ಆಳಕ್ಕೆ ಇಳಿದಷ್ಟೂ ತೂಕ ಇನ್ನೂ ಕಡಿಮೆಯಾಗುತ್ತದೆ ಎಂಬುದು ಮಕ್ಕಳಲ್ಲಿ ತುಂಬ ಗಟ್ಟಿಯಾಗಿರುವ ತಪ್ಪು ತಿಳಿವಳಿಕೆ. ಪೂರ್ತಿ ಮುಳುಗಿದ ಮೇಲೆ ಮುಳ್ಳು ಅಲುಗುವುದಿಲ್ಲ ಎಂಬುದನ್ನು ಅವಳು ಮೂರು ಸಲ ಇಳಿಸಿ ಏರಿಸಿ ನೋಡಿದ ಮೇಲೆ ಒಪ್ಪಿಕೊಂಡಳು.

ಹೀಗಾಗಿ ಮನೆಯಲ್ಲಿ ಜೊತೆಗೆ ಕೂರುವ ದೊಡ್ಡವರಿದ್ದರೆ ಪೆಟ್ಟಿಗೆಯನ್ನು ಕೊಳ್ಳಿ, ಮಗುವಿನ ಕೈಗೆ ಕೊಟ್ಟು ಹೋಗುವುದಾದರೆ ಬೇಡ. ಮಲ್ಟಿಮೀಟರಿಗೆ ಪ್ರತ್ಯೇಕವಾಗಿ ಮುನ್ನೂರು ರೂಪಾಯಿ ಎತ್ತಿಡಿ. ಕಳೆದ ಭಾನುವಾರ ಮೊಮ್ಮಗಳು ಯಾರ ಮಾತೂ ಕೇಳದೆ ಅದೇ ಕಲ್ಲನ್ನು ಉಪ್ಪುನೀರಿನಲ್ಲಿ ತೂಗಲು ಹೊರಟಳು. ಮೊದಲೇ 1.7 ಎಂದು ಬರೆದಿಟ್ಟಿದ್ದಳು; ಮುಳ್ಳು 1.8ರ ಗೆರೆಯ ಹತ್ತಿರ ನಿಂತಿತು, ಅಡುಗೆಮನೆಯ ಉಪ್ಪಿನ ಡಬ್ಬಿ ಖಾಲಿಯಾಗಿತ್ತು.