‘ಆ ಪದ ಕೊನೆಗೆ ಯಾವಾಗ ಹೇಳಿದ್ರಿ?’: ಮೂರು ಬಾಗಿಲು ತಟ್ಟಿದವನ ರಿವ್ಯೂ

ಇದು ಒಂದು ಕೌನ್ಸೆಲಿಂಗ್ ಸೇವೆಯ ರಿವ್ಯೂ. ಆದರೆ ಅಲ್ಲಿಗೆ ಹೋಗುವ ಮುಂಚೆ ಇನ್ನೆರಡು ಬಾಗಿಲು ತಟ್ಟಿದ್ದೆ, ಅವುಗಳ ಬಗ್ಗೆಯೂ ಬರೆಯದಿದ್ದರೆ ಈ ಮೂರನೆಯದು ಯಾಕೆ ಇಷ್ಟವಾಯಿತು ಅಂತ ಗೊತ್ತಾಗುವುದಿಲ್ಲ. ಯಾರ ಹೆಸರನ್ನೂ ಹಾಕುತ್ತಿಲ್ಲ. ನಮ್ಮ ಲೋಕ ಚಿಕ್ಕದು, ಅವರ ಹೆಸರು ಬಂದರೆ ನನ್ನ ಗುರುತೂ ಸಿಗುತ್ತದೆ.

ನನ್ನ ವಯಸ್ಸು 41. ಲೆಕ್ಕ ಬರೆಯುವ ಕೆಲಸ. ಗಂಡಸು, ಬಿಡಿಎಸ್‌ಎಂನಲ್ಲಿ (ಕಟ್ಟುವುದು, ನೋವು, ಹಿಡಿತ ಇವನ್ನು ಇಬ್ಬರ ಒಪ್ಪಿಗೆಯಿಂದ ಆಡುವ ಲೈಂಗಿಕ ಆಸಕ್ತಿ) ಸಬ್. ಅಂದರೆ ಹಿಡಿತವನ್ನು ಇನ್ನೊಬ್ಬರ ಕೈಗೆ ಕೊಡುವವನು. ಅದರ ಬಗ್ಗೆ ನನಗೆ ನಾಚಿಕೆ ಏನಿಲ್ಲ, ಹನ್ನೆರಡು ವರ್ಷವಾಯಿತು. ಅದರಲ್ಲಿ ನಾಲ್ಕು ವರ್ಷ ಒಬ್ಬಳ ಜೊತೆ ಇದ್ದೆ, ಅವಳು ಡಾಮ್, ಅಂದರೆ ಆ ಹಿಡಿತ ತಗೊಳ್ಳುವವಳು. ಮೊದಲ ವರ್ಷ ನಿಜಕ್ಕೂ ಚೆನ್ನಾಗಿತ್ತು. ಏನು ಆಗಬಹುದು, ಏನು ಆಗಲೇಬಾರದು ಅಂತ ಇಬ್ಬರೂ ಕೂತು ಎರಡು ಪುಟ ಬರೆದಿದ್ದೆವು. ಸೇಫ್ ವರ್ಡ್ ‘ಸ್ಲೇಟು’. ಆ ಪದ ಬಂದರೆ ಎಲ್ಲ ನಿಲ್ಲಬೇಕು.

ನಿಲ್ಲುತ್ತಿತ್ತು ಕೂಡ. ಅಲ್ಲೇ ಇರೋದು ತಮಾಷೆ. ಅವಳು ಒಂದು ಸಲವೂ ಆ ಪದವನ್ನು ಮೀರಲಿಲ್ಲ. ಹೇಳಿದ ಕೂಡಲೇ ಕೈ ತೆಗೆಯುತ್ತಿದ್ದಳು, ಎದ್ದು ಹೋಗುತ್ತಿದ್ದಳು, ಆಮೇಲೆ ಮೂರು ದಿನ ಮಾತಿಲ್ಲ. ಸೀನ್, ಅಂದರೆ ಒಂದು ಸಲದ ಆಟ, ಆದ ಮೇಲೆ ಹೊದಿಕೆ, ನೀರು, ಪಕ್ಕದಲ್ಲಿ ಕೂತು ಒಂದಿಷ್ಟು ಮಾತು, ಇದಕ್ಕೆ ಆಫ್ಟರ್‌ಕೇರ್ ಅನ್ನುತ್ತೇವೆ. ಅದು ಸ್ಲೇಟು ಹೇಳದ ದಿನ ಮಾತ್ರ. ಮೂರನೇ ವರ್ಷಕ್ಕೆ ಬರುವ ಹೊತ್ತಿಗೆ ನಾನು ಆ ಪದ ಹೇಳುವುದನ್ನೇ ಹೆಚ್ಚೂಕಡಿಮೆ ಬಿಟ್ಟಿದ್ದೆ. ‘ನಿಜವಾದ ಸಬ್‌ಗೆ ಲಿಮಿಟ್ ಅಂತ ಇರಲ್ಲ’ ಅಂತ ಅವಳು ಹೇಳುತ್ತಿದ್ದಳು, ನಾನು ಅದನ್ನು ಹೊಗಳಿಕೆ ಅಂದುಕೊಂಡಿದ್ದೆ. ನನ್ನ ಬ್ಯಾಂಕ್ ಪಾಸ್‌ವರ್ಡ್ ಅವಳ ಹತ್ತಿರ ಹೋಗಿದ್ದು ಯಾವ ತಿಂಗಳು ಅಂತ ಲೆಕ್ಕದವನಾದ ನನಗೇ ನೆನಪಿಲ್ಲ ನೋಡಿ.

ಮೊದಲ ಬಾಗಿಲು, ಒಂದು ಸಾಮಾನ್ಯ ಸಹಾಯವಾಣಿಯ ಚಾಟ್. ರಾತ್ರಿ ಹನ್ನೊಂದೂವರೆಗೆ ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಟೈಪ್ ಮಾಡಿದೆ. ಆ ಕಡೆಯವರು ಒಳ್ಳೆಯವರೇ ಇರಬೇಕು, ಬೇಗ ಉತ್ತರ ಕೊಟ್ಟರು. ಆದರೆ ಬಿಡಿಎಸ್‌ಎಂ ಅನ್ನುವ ಪದ ಬಂದ ಕೂಡಲೇ ಮಾತಿನ ದಾರಿ ತಪ್ಪಿತು. ಮೊದಲು ‘ಇದಕ್ಕೆ ನೀವೇ ಒಪ್ಪಿದ್ದಲ್ವಾ?’ ಅಂತ ಬಂತು. ಐದು ನಿಮಿಷ ಬಿಟ್ಟು, ಈ ಅಭ್ಯಾಸಕ್ಕೇ ಚಿಕಿತ್ಸೆ ತಗೊಳ್ಳಿ ಅನ್ನುವ ಸಲಹೆ. ಅಂದರೆ ಒಂದು ಕಡೆ ಏನೂ ಆಗಿಲ್ಲ, ಇನ್ನೊಂದು ಕಡೆ ನಾನೇ ರೋಗ. ಎರಡರ ಮಧ್ಯೆ ಅವಳು ಮಾಡಿದ್ದೇನು ಅನ್ನುವ ವಿಷಯ ಎಲ್ಲೋ ಬಿದ್ದುಹೋಯಿತು. ಅಂದಹಾಗೆ, ಆ ಸಲಹೆ ಹಳೆಯದೂ ಹೌದು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5, 2013ರಲ್ಲೇ ಬೇರೆ ಥರದ ಆಸಕ್ತಿ ಬೇರೆ, ಕಾಯಿಲೆ ಬೇರೆ ಅಂತ ಗೆರೆ ಎಳೆದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಅನ್ನುವ ಕಾಯಿಲೆಗಳ ಪಟ್ಟಿ 2022ರಿಂದ ಜಾರಿಯಲ್ಲಿದೆ. ಅದರಲ್ಲಿ ಒಪ್ಪಿಗೆಯ ಸ್ಯಾಡೊಮ್ಯಾಸೋಕಿಸಂ (ನೋವು ಕೊಡುವುದರಲ್ಲಿ, ಪಡೆಯುವುದರಲ್ಲಿ ಸುಖ ಕಾಣುವುದು) ಕಾಯಿಲೆಯಾಗಿ ಇಲ್ಲ, ಬಲವಂತದ್ದು ಮಾತ್ರ ಇದೆ. ಆ ರಾತ್ರಿ ನನಗೆ ಇದೆಲ್ಲ ಗೊತ್ತಿರಲಿಲ್ಲ, ಸುಮ್ನೆ ನಲ್ಲಿ ನಿಲ್ಲಿಸಿ ಹೋಗಿ ಮಲಗಿದೆ. ಐದಕ್ಕೆ ಒಂದು ಸ್ಟಾರ್. ಆ ಒಂದು ಕೂಡ ಅಷ್ಟು ಹೊತ್ತಿನಲ್ಲಿ ಎಚ್ಚರ ಇದ್ದಿದ್ದಕ್ಕೆ.

ಎರಡನೆಯದು ನಮ್ಮದೇ ಗುಂಪು. ತಿಂಗಳಿಗೊಮ್ಮೆ ಮಂಚ್ ಇರುತ್ತದೆ, ಅಂದರೆ ಮಾಮೂಲಿ ಬಟ್ಟೆಯಲ್ಲಿ ಮಾಮೂಲಿ ಜಾಗದಲ್ಲಿ ಸೇರಿ ಹರಟೆ ಹೊಡೆಯುವುದು. ಅಲ್ಲಿ ದೂರು ಕೇಳಲು ಅಂತ ಮೂವರ ತಂಡವೂ ಇತ್ತು. ‘ಸೇಫ್, ಸೇನ್, ಕಾನ್ಸೆನ್ಷುವಲ್’ (ಸುರಕ್ಷಿತ, ವಿವೇಕದ, ಒಪ್ಪಿಗೆಯ) ಅನ್ನುವ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುತ್ತದೆ. 1983ರಲ್ಲಿ ನ್ಯೂಯಾರ್ಕಿನ ಗೇ ಗಂಡಸರ ಗುಂಪೊಂದು ಬರೆದುಕೊಂಡಿದ್ದು, ಈಗ ಎಲ್ಲೆಲ್ಲೂ ಇದೆ. ಹೇಳೋಕೇನು, ಮೂರೇ ಪದ.

ತಂಡದ ಹಿರಿಯ ನನ್ನ ಮಾತನ್ನು ಪೂರ್ತಿ ಕೇಳಿದ. ಆಮೇಲೆ ‘ಸೇಫ್ ವರ್ಡ್‌ಗೆ ನಿಲ್ಲಿಸ್ತಿದ್ದಳು ತಾನೇ? ಹಾಗಾದ್ರೆ ನಿಯಮ ಮುರಿದಿಲ್ಲ’ ಅಂದ. ಇಬ್ಬರ ಕಡೆಯೂ ಕೇಳಬೇಕು ಅಂತ ಸೇರಿಸಿದ. ಸರಿ, ಕೇಳಬೇಕು, ಒಪ್ಪುತ್ತೇನೆ. ಆದರೆ ಮರುದಿನವೇ ನಾನು ಹೇಳಿದ್ದೆಲ್ಲ ಅವಳ ಕಿವಿಗೆ ಬಿದ್ದಿತ್ತು. ಆಗ ನಾನಿನ್ನೂ ಅವಳ ಮನೆಯಲ್ಲೇ ಇದ್ದೆ! ಕೇಳುವ ಕೆಲಸ ವಹಿಸಿಕೊಂಡವರು ಮೊದಲು ಕಲಿಯಬೇಕಾದ್ದು ಬಾಯಿ ಮುಚ್ಚುವುದು.

ಇಷ್ಟಾದರೂ ಗುಂಪಿಗೆ ಒಂದು ಸ್ಟಾರ್ ಕೊಟ್ಟು ಮುಗಿಸಲು ಮನಸ್ಸು ಬರುವುದಿಲ್ಲ. ಕಾರಣ, ಬಾಗಿಲ ಹತ್ತಿರ ಹೆಸರು ಬರೆದುಕೊಳ್ಳುವ ಕೆಲಸ ಮಾಡುವ ಒಬ್ಬ ಹೆಂಗಸು. ಹೊರಗೆ ಬಂದವನ ಪಕ್ಕ ನಿಂತು ‘ನೀನು ಮೂರನೆಯವನು’ ಅಂದರು. ಅಷ್ಟೇ. ಮುರಿದ ಮೆಟ್ಟಿಲು ಅಂತ ಒಂದು ಮಾತು ನಮ್ಮಲ್ಲಿದೆ. ಮನೆಯವರಿಗೆಲ್ಲ ಮೆಟ್ಟಿಲು ಮುರಿದಿರುವುದು ಗೊತ್ತಿರುತ್ತದೆ, ದಾಟಿ ಕಾಲಿಡುತ್ತಾರೆ, ಯಾರೂ ರಿಪೇರಿ ಮಾಡಿಸುವುದಿಲ್ಲ. ಹೊಸಬ ಬಂದು ಬೀಳುತ್ತಾನೆ. ನಾಲ್ಕು ವರ್ಷದ ಹಿಂದೆ ನಾನು ಆ ಗುಂಪಿಗೆ ಹೊಸಬನಾಗಿದ್ದಾಗ ಅವರು ಯಾಕೆ ಹೇಳಲಿಲ್ಲ ಅಂತ ಸಿಟ್ಟು ಬಂತು. ಈಗಲೂ ಸ್ವಲ್ಪ ಇದೆ. ಆದರೆ ಮುಂದಿನ ದಾರಿ ತೋರಿಸಿದ್ದು ಅವರೇ. ಗುಂಪಿಗೆ ಎರಡು ಸ್ಟಾರ್, ಅವರಿಗೆ ಐದು.

ಅವರು ಹೇಳಿದ್ದು ಒಂದು ಪಟ್ಟಿಯ ಬಗ್ಗೆ. ಅಮೆರಿಕದಲ್ಲಿ 1997ರಲ್ಲಿ ಶುರುವಾದ ನ್ಯಾಷನಲ್ ಕೊಯಲಿಷನ್ ಫಾರ್ ಸೆಕ್ಷುವಲ್ ಫ್ರೀಡಂ ಅನ್ನುವ ಸಂಸ್ಥೆ ನಡೆಸುವುದು, ಕಿಂಕ್ ಅವೇರ್ ಪ್ರೊಫೆಷನಲ್ಸ್ ಅಂತ ಹೆಸರು. ಕಿಂಕ್ ಅಂದರೆ ಬಿಡಿಎಸ್‌ಎಂನಂಥ, ಮಾಮೂಲಲ್ಲದ ಲೈಂಗಿಕ ಆಸಕ್ತಿ. ಬಿಡಿಎಸ್‌ಎಂ ಅಂದರೆ ಏನು ಅಂತ ತಿಳಿದಿರುವ ಕೌನ್ಸೆಲರ್‌ಗಳು, ಡಾಕ್ಟರ್‌ಗಳು, ವಕೀಲರ ಹೆಸರು ಅದರಲ್ಲಿ ಸಿಗುತ್ತದೆ. ಹುಡುಕಲು ದುಡ್ಡು ಕೊಡಬೇಕಿಲ್ಲ. ಹೆಸರು ಇದೆ ಅಂದ ಮಾತ್ರಕ್ಕೆ ಯಾರೋ ಪರೀಕ್ಷೆ ಮಾಡಿ ಪಾಸ್ ಮಾಡಿದ್ದಾರೆ ಅಂತ ಅಂದುಕೊಳ್ಳಬೇಡಿ, ವಿಚಾರಿಸಿಕೊಳ್ಳುವ ಕೆಲಸ ನಿಮ್ಮದೇ. ಬಾಸ್ಟನ್‌ನಲ್ಲಿ ದಿ ನೆಟ್‌ವರ್ಕ್/ಲಾ ರೆಡ್ ಅಂತ ಇನ್ನೊಂದು ಸಂಸ್ಥೆ 1989ರಿಂದ ಇದೆ, ಸಂಗಾತಿಯ ಕೈಯಲ್ಲಿ ನೊಂದ ಎಲ್‌ಜಿಬಿಟಿ ಜನರಿಗೆ, ಕಿಂಕ್‌ನಲ್ಲಿ ಇರುವವರಿಗೆ ಸಹಾಯ ಮಾಡುವುದೇ ಅವರ ಕೆಲಸ. ಇಂಥ ಜಾಗಗಳೂ ಇವೆ ಅಂತ ತಿಳಿದಾಗಲೇ ಅರ್ಧ ಉಸಿರು ಬಂತು.

ನಾಲ್ವರಿಗೆ ಮೇಲ್ ಹಾಕಿದೆ. ಎಲ್ಲರಿಗೂ ಒಂದೇ ಪ್ರಶ್ನೆ: ‘ನಾನು ಬಿಡಿಎಸ್‌ಎಂ ಬಿಡಬೇಕು ಅಂತ ನಿಮಗೆ ಅನಿಸುತ್ತದೆಯೇ?’ ಒಬ್ಬರಿಂದ ಉತ್ತರವೇ ಇಲ್ಲ. ಇಬ್ಬರು ಉದ್ದುದ್ದ ಬರೆದರು. ನಾಲ್ಕನೆಯವರದು ಎರಡೇ ಸಾಲು. ಬಿಡೋದು ಇಟ್ಟುಕೊಳ್ಳೋದು ನಿಮಗೆ ಬಿಟ್ಟದ್ದು, ಆದರೆ ಈ ಮೇಲ್ ಬೇರೆ ಯಾರಾದರೂ ಓದುತ್ತಾರಾ, ಅದನ್ನು ಮೊದಲು ಹೇಳಿ. ಓದುತ್ತಿದ್ದಳು. ಆ ಪ್ರಶ್ನೆ ಬರುವ ತನಕ ಅದು ನನ್ನ ತಲೆಗೇ ಹೊಳೆದಿರಲಿಲ್ಲ. ಆಫೀಸಿನ ಕಂಪ್ಯೂಟರಿನಿಂದ ಹೊಸ ಮೇಲ್ ವಿಳಾಸ ಮಾಡಿಕೊಂಡು ಉತ್ತರಿಸಿದೆ. ನಾನು ರಿವ್ಯೂ ಮಾಡುತ್ತಿರುವುದು ಇವರ ಸೇವೆಯನ್ನು.

ಮೊದಲ ಭೇಟಿ ವಿಡಿಯೋದಲ್ಲಿ, ಐವತ್ತು ನಿಮಿಷ. ಇಯರ್‌ಫೋನ್ ಹಾಕಿದ್ದೀರಾ, ಫೋನಿನಲ್ಲಿ ಲೊಕೇಶನ್ ಯಾರಿಗಾದರೂ ಕಾಣುತ್ತಾ, ಯಾರಾದರೂ ಒಳಗೆ ಬಂದರೆ ಯಾವ ಮಾತಿಗೆ ತಿರುಗೋಣ, ಇದರಲ್ಲೇ ಹತ್ತು ನಿಮಿಷ ಹೋಯಿತು. ಆಮೇಲೆ ನಾನು ತಯಾರಾಗಿ ಕೂತಿದ್ದೆ, ಏನೇನು ಮಾಡಿಸಿಕೊಂಡಿದ್ದೀರಿ ಅಂತ ಕೇಳುತ್ತಾರೆ, ಮುಖ ಕಿವುಚುತ್ತಾರೆ ಅಂತ. ಅವರು ಕೇಳಿದ್ದು ಇದು: ‘ಸ್ಲೇಟು ಅಂತ ಕೊನೆಗೆ ಯಾವಾಗ ಹೇಳಿದ್ರಿ?’

ಎಂಟು ತಿಂಗಳ ಹಿಂದೆ.

‘ಹೇಳಿದ ಮೇಲೆ ಮೂರು ದಿನ ಹೇಗಿತ್ತು?’

ನನಗೆ ಅಳು ಬಂತು. ಚಾಟಿನವರು ಒಪ್ಪಿದ್ಯಾ ಅಂದರು, ಹಿರಿಯ ನಿಲ್ಲಿಸಿದಳಾ ಅಂದ. ಆಮೇಲೆ ಏನಾಯಿತು ಅಂತ ಕೇಳಿದವರು ಇವರೊಬ್ಬರೇ. ಬೇಡ ಅಂದರೆ ದಂಡ ಬೀಳುತ್ತದೆ ಅಂತ ಗೊತ್ತಿರುವವನು ಹೂಂ ಅಂದರೆ ಅದು ಒಪ್ಪಿಗೆ ಆಗುತ್ತದೆಯೇ?

ಎರಡನೇ ಭೇಟಿಯಲ್ಲಿ ಅವರು ಒಂದು ಚಕ್ರದ ಚಿತ್ರ ತೋರಿಸಿದರು. ಅಮೆರಿಕದ ಡುಲೂತ್ ಊರಿನಲ್ಲಿ 1984ರಲ್ಲಿ ಮಾಡಿದ್ದು, ಮನೆಯೊಳಗಿನ ಹಿಂಸೆ ಹೇಗೆ ಸುತ್ತಿಕೊಳ್ಳುತ್ತದೆ ಅನ್ನುವುದಕ್ಕೆ. ಮಧ್ಯದಲ್ಲಿ ಅಧಿಕಾರ ಮತ್ತು ಹಿಡಿತ, ಸುತ್ತ ಎಂಟು ತುಂಡು. ದುಡ್ಡು, ಬೆದರಿಕೆ, ಒಂಟಿ ಮಾಡುವುದು, ಹೀಗೆ. ಇದರಲ್ಲಿ ಕೆಲವು ನಾನೇ ಕೇಳಿಕೊಂಡಿದ್ದಲ್ವಾ, ಹಿಡಿತ ಬೇಕು ಅಂತಲೇ ಹೋದವನು ನಾನು ಅಂದೆ. ಅವರು ನಗಲಿಲ್ಲ, ವಾದಕ್ಕೂ ಇಳಿಯಲಿಲ್ಲ. ಪೆನ್ಸಿಲ್ ತಗೊಳ್ಳಿ ಅಂದರು. ನಾನು ಬಾಯಿಬಿಟ್ಟು ಕೇಳಿಕೊಂಡಿದ್ದಕ್ಕೆ ಒಂದು ಟಿಕ್. ಅದರಲ್ಲಿ ಇವತ್ತು ಬೇಡ ಅಂದರೆ ಜಗಳ ಇಲ್ಲದೆ ವಾಪಸ್ ಸಿಗುವಂಥದ್ದಕ್ಕೆ ಎರಡನೇ ಟಿಕ್. ಮೊದಲ ಟಿಕ್ ಮೂರು ಕಡೆ ಬಿತ್ತು. ಎರಡನೆಯದು ಒಂದೂ ಇಲ್ಲ. ಬೆಳಗ್ಗೆ ಯಾವ ಶರ್ಟ್ ಹಾಕಬೇಕು ಅಂತ ಅವಳು ಹೇಳುತ್ತಿದ್ದಳು, ಅದು ಆಟ, ನನಗೆ ಖುಷಿ ಕೊಡುತ್ತಿತ್ತು. ಅದನ್ನಾದರೂ ಬಿಡಿಸಿಕೊಳ್ಳಬಹುದು ಅಂದುಕೊಂಡು ಪೆನ್ಸಿಲ್ ಇಟ್ಟೆ. ಆದರೆ ಟಿಕ್ ಹಾಕಲಾಗಲಿಲ್ಲ. ಆ ಹಾಳೆ ಇನ್ನೂ ನನ್ನ ಡ್ರಾಯರಿನಲ್ಲಿದೆ, ಶರ್ಟ್ ಅಂತ ಬರೆದ ಕಡೆ ಪೆನ್ಸಿಲ್ ಮೊನೆ ಚುಚ್ಚಿ ಸಣ್ಣ ತೂತಾಗಿದೆ.

ಕುತ್ತಿಗೆಯ ವಿಷಯ ಮಾತ್ರ ಅವರು ನೇರವಾಗಿ ಕೇಳಿದರು. ಯಾವಾಗಲಾದರೂ ಕುತ್ತಿಗೆ ಒತ್ತಿದ್ದಾಳಾ, ಸಿಟ್ಟಿನಲ್ಲಿ? ಒಮ್ಮೆ, ಅಂದೆ. ಸೀನ್ ಅಲ್ಲ, ಅಡುಗೆಮನೆಯಲ್ಲಿ. ಕುತ್ತಿಗೆ ಒತ್ತುವುದಕ್ಕೆ ಸೇಫ್ ಅನ್ನುವ ವಿಧಾನವೇ ಇಲ್ಲ, ಒಪ್ಪಿ ಮಾಡಿದರೂ ಇಲ್ಲ ಅಂದರು. ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗಬಹುದು, ರಕ್ತನಾಳಕ್ಕೆ ಪೆಟ್ಟಾಗಿದ್ದರೆ ದಿನಗಳು ಕಳೆದ ಮೇಲೂ ಸ್ಟ್ರೋಕ್ ಆಗಬಹುದು. 2008ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಸಂಗಾತಿ ಹಿಂದೆ ಕುತ್ತಿಗೆ ಹಿಸುಕಿದ್ದರೆ ಆ ಹೆಂಗಸು ಮುಂದೆ ಕೊಲೆಯಾಗುವ ಸಾಧ್ಯತೆ ಸುಮಾರು ಏಳು ಪಟ್ಟು ಜಾಸ್ತಿ. ಅದು ಹೆಂಗಸರ ಬಗ್ಗೆ ಮಾಡಿದ ಅಧ್ಯಯನ ಅಂತಲೂ ಹೇಳಿದರು, ಆದರೆ ನಾನು ಎಲ್ಲರನ್ನೂ ಕೇಳ್ತೀನಿ ಅಂದರು. ಅವತ್ತೇ ಹೊರಡುವ ಪ್ಲಾನ್ ಶುರುವಾಯಿತು. ಕಾಗದಪತ್ರ ಎಲ್ಲಿವೆ, ಯಾವ ದಿನ ಅವಳು ಮನೆಯಲ್ಲಿ ಇರುವುದಿಲ್ಲ, ಬ್ಯಾಂಕ್ ಪಾಸ್‌ವರ್ಡ್ ಬದಲಿಸುವುದು ಹೊರಡುವ ಮುಂಚೆಯೋ ಆಮೇಲೋ. ಆಮೇಲೆ, ಅಂದರು. ಮುಂಚೆ ಬದಲಿಸಿದರೆ ಸುಳಿವು ಸಿಗುತ್ತದೆ.

ನನ್ನನ್ನು ಕಾಡುತ್ತಿದ್ದುದು ಇನ್ನೊಂದು, ಆ ಎರಡು ಪುಟದ ಕಾಂಟ್ರ್ಯಾಕ್ಟ್. ಸಹಿ ಹಾಕಿದ್ದೆನಲ್ಲ. ಅದು ನಿಮ್ಮಿಬ್ಬರ ಮಾತಿನ ನೆನಪು ಅಷ್ಟೇ, ನಿಮ್ಮನ್ನು ಕಟ್ಟಿಹಾಕುವ ಬಲ ಅದಕ್ಕಿಲ್ಲ ಅಂದರು. ಅದಕ್ಕಿಂತ ಜಾಸ್ತಿ ಕಾನೂನು ಕೇಳಿದಾಗ, ನಾನು ವಕೀಲಳಲ್ಲ, ಅದೇ ಪಟ್ಟಿಯಲ್ಲಿ ವಕೀಲರೂ ಇದ್ದಾರೆ ನೋಡಿ ಅಂತ ಮುಗಿಸಿದರು. ಗೊತ್ತಿಲ್ಲದ್ದನ್ನು ಹೇಳದವರು ಸಿಕ್ಕರೆ ಅರ್ಧ ಸ್ಟಾರ್ ಜಾಸ್ತಿ ಕೊಡಬೇಕು.

ಕೊರತೆಗಳೂ ಇವೆ. ಮೊದಲ ಭೇಟಿಗೆ ಐದು ವಾರ ಕಾಯಿಸಿದರು. ನನ್ನಂಥ ಪರಿಸ್ಥಿತಿಯಲ್ಲಿ ಐದು ವಾರ ಅಂದರೆ ಸಣ್ಣದಲ್ಲ. ಭೇಟಿಗಳ ನಡುವೆ ಮೇಲ್ ಮಾಡಿದರೆ ಉತ್ತರ ಬರಲು ಮೂರು ನಾಲ್ಕು ದಿನ. ಒಮ್ಮೆ ‘ಟ್ರಾಮಾ ಬಾಂಡಿಂಗ್’ (ನೋಯಿಸಿದವರಿಗೇ ಮನಸ್ಸು ಅಂಟಿಕೊಳ್ಳುವುದು) ಅನ್ನುವ ಪದವನ್ನು ಹತ್ತು ನಿಮಿಷದಲ್ಲಿ ಆರು ಸಲ ಹೇಳಿದರು, ನಾನು ಎಣಿಸಿದೆ. ಬಿಟ್ಟು ಬಂದ ಮೇಲೂ ಅವಳು ನೆನಪಾಗುತ್ತಾಳೆ ಅಂತ ನಾನು ಹೇಳಿದ್ದಕ್ಕೆ ಒಂದು ಪದದ ಲೇಬಲ್ ಬೇಕಿರಲಿಲ್ಲ. ಇನ್ನೊಂದು, ಅವರಿಗೆ ಗುಂಪುಗಳ ಬಗ್ಗೆ ಅಷ್ಟು ಗೊತ್ತಿಲ್ಲ. ಮಂಚ್‌ಗೆ ಮತ್ತೆ ಹೋಗಲಾ ಬೇಡವಾ ಅನ್ನುವುದಕ್ಕೆ ಉತ್ತರ ಸಿಕ್ಕಿದ್ದು ಬಾಗಿಲ ಹತ್ತಿರದ ಆ ಹೆಂಗಸಿನಿಂದಲೇ. ‘ನಾನಿರುವ ದಿನ ಬಾ’ ಅಂದಿದ್ದಾರೆ.

ಒಟ್ಟು ಒಂಬತ್ತು ಭೇಟಿ. ಐದಕ್ಕೆ ನಾಲ್ಕೂವರೆ ಸ್ಟಾರ್.

ಆರನೇ ಭೇಟಿಯ ಬಗ್ಗೆ ಹೇಳಬೇಕು. ನಾನು ಮನೆ ಬಿಟ್ಟು ಹತ್ತು ದಿನವಾಗಿತ್ತು. ದುಡ್ಡಿನ ವಿಷಯ ಎತ್ತಿ, ಖಾತೆಯಿಂದ ಎಷ್ಟು ಹೋಗಿದೆ ಅಂತ ನೋಡಿದ್ರಾ ಅಂತ ಕೇಳುತ್ತಿದ್ದರು. ನೋಡಿದ್ದೆ, ಹೇಳಲು ಇಷ್ಟ ಇರಲಿಲ್ಲ. ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ, ‘ಸ್ಲೇಟು’ ಅಂದುಬಿಟ್ಟೆ. ಅವರು ವಾಕ್ಯದ ಮಧ್ಯದಲ್ಲೇ ನಿಲ್ಲಿಸಿದರು. ‘ಸರಿ. ನೀರು ಕುಡೀತೀರಾ?’ ಅಂದರು. ಕುಡಿದೆ. ಉಳಿದ ಇಪ್ಪತ್ತು ನಿಮಿಷ ಹೊಸ ಮನೆಯ ಕಿಟಕಿಯ ಬಗ್ಗೆ ಮಾತಾಡಿದೆವು. ಮುಂದಿನ ವಾರ ಪೂರ್ತಿ ನನಗೆ ಹೊಟ್ಟೆಯಲ್ಲಿ ಏನೋ ಕಲಸುತ್ತಿತ್ತು. ಭೇಟಿ ಕ್ಯಾನ್ಸಲ್ ಅಂತ ಮೇಲ್ ಬರುತ್ತದೆ ಅಂತ ದಿನಕ್ಕೆ ನಾಲ್ಕು ಸಲ ನೋಡಿದೆ. ಬರಲಿಲ್ಲ. ಗುರುವಾರ ಹೇಳಿದ ಹೊತ್ತಿಗೆ ಸರಿಯಾಗಿ ಪರದೆ ತೆರೆಯಿತು, ‘ಕಿಟಕಿಗೆ ಪರದೆ ಹಾಕಿದ್ರಾ?’ ಅಂತ ಕೇಳಿದರು.