ಟಿಕೆಟ್‌ನಲ್ಲಿ ಪ್ಯಾರಿಸ್, ಇಳಿದದ್ದು ಬೋವೆಯಲ್ಲಿ

ಡಬ್ಲಿನ್‌ನಿಂದ ಪ್ಯಾರಿಸ್‌ಗೆ ನೇರ ಲೆಕ್ಕದಲ್ಲಿ ಸುಮಾರು 780 ಕಿ.ಮೀ. ವಿಮಾನಕ್ಕೆ ಒಂದೂ ಮುಕ್ಕಾಲು ಗಂಟೆ. ಈ ಎರಡು ಅಂಕಿ ನಂಬಿಕೊಂಡು ನಾನು ಕೆಟ್ಟೆ. ಇಲ್ಲಿ ಡಬ್ಲಿನ್‌ನಲ್ಲಿರುವ ನಮ್ಮವರು ಯಾರಾದರೂ ಪ್ಯಾರಿಸ್‌ಗೆ ಹೊರಟಿದ್ದರೆ ಒಮ್ಮೆ ಓದಿ.

ಹಾಸನದಿಂದ ಅಮ್ಮ ಬಂದಿದ್ದರು. ಐಫೆಲ್ ಗೋಪುರ ತೋರಿಸೋಣ ಅಂತ ವಾರಾಂತ್ಯಕ್ಕೆ ಟಿಕೆಟ್ ಹುಡುಕಿದೆ. ಒಂದು ಅಗ್ಗದ ವಿಮಾನ ಸಿಕ್ಕಿತು. ಅಮ್ಮನಿಗೆ ಷೆಂಗೆನ್ ವೀಸಾ (ಫ್ರಾನ್ಸ್ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ), ಐರ್ಲೆಂಡಿಗೆ ವಾಪಸ್ ಬರಲು ಮಲ್ಟಿಪಲ್ ಎಂಟ್ರಿ ವೀಸಾ, ಎರಡನ್ನೂ ಮೊದಲೇ ಮಾಡಿಸಿದ್ದೆ. ಅಷ್ಟು ಬುದ್ಧಿ ಇದ್ದವನು ಟಿಕೆಟ್‌ನಲ್ಲಿ ಪ್ಯಾರಿಸ್ ಪಕ್ಕದಲ್ಲಿದ್ದ ‘ಬೋವೆ’ ಅನ್ನುವ ಪದವನ್ನು ಮಾತ್ರ ನೋಡಲಿಲ್ಲ. ನೋಡಿದೆ, ಯಾವುದೋ ಟರ್ಮಿನಲ್ ಹೆಸರು ಅಂದುಕೊಂಡೆ.

ಬೋವೆ ಬೇರೆಯೇ ಊರು. ಪ್ಯಾರಿಸ್‌ನಿಂದ ಉತ್ತರಕ್ಕೆ 80 ಕಿ.ಮೀ.ಗಿಂತ ಜಾಸ್ತಿ ದೂರ. ಬೆಂಗಳೂರು ಅಂತ ಟಿಕೆಟ್ ಕೊಟ್ಟು ತುಮಕೂರು ದಾಟಿಸಿ ಇಳಿಸಿದ ಹಾಗೆ.

ಬೆಳಗಿನ ಜಾವ 3ಕ್ಕೆ ಮನೆ ಬಿಟ್ಟೆವು. 6:30ಕ್ಕೆ ಹೊರಟ ವಿಮಾನ ಸರಿಯಾಗಿ 9:15ಕ್ಕೆ ಇಳಿಯಿತು. ಪ್ಯಾರಿಸ್ ಗಡಿಯಾರ ಡಬ್ಲಿನ್‌ಗಿಂತ ಒಂದು ಗಂಟೆ ಮುಂದೆ, ಅದು ಗೊತ್ತಿತ್ತು. ಗೋಪುರದ ಲಿಫ್ಟ್‌ಗೆ 11:30ರ ಟಿಕೆಟ್ ತೆಗೆದಿದ್ದೆ. ಎರಡು ಗಂಟೆ ಸಾಕಲ್ವಾ ಅಂತ ಧೈರ್ಯ. ಐರ್ಲೆಂಡ್ ಷೆಂಗೆನ್ ಒಳಗಿಲ್ಲ, ಹಾಗಾಗಿ ಪಾಸ್‌ಪೋರ್ಟ್ ಸಾಲು. ನಮ್ಮಂಥವರ ಸಾಲು ಬೇರೆ, ಉದ್ದವೂ ಬೇರೆ. ಹೊರಗೆ ಬಂದರೆ ಬಸ್ ಭರ್ತಿ. ಮುಂದಿನದು 10:40ಕ್ಕೆ. ಗೋಪುರದ ಬುಡ ಮುಟ್ಟಿದಾಗ 12:45. ನಮ್ಮ ಟಿಕೆಟ್ ನೋಡಿದ ಹುಡುಗಿ ಗಡಿಯಾರದ ಕಡೆ ಬೆರಳು ತೋರಿಸಿ ತಲೆ ಅಲ್ಲಾಡಿಸಿದಳು.

ಮನೆಯಿಂದ ಅಲ್ಲಿಗೆ ಎಂಟೂ ಮುಕ್ಕಾಲು ಗಂಟೆ. ಅಮ್ಮ ಬೆಂಚಿನ ಮೇಲೆ ಕೂತು ಚಪ್ಪಲಿ ಬಿಚ್ಚಿ ಕಾಲು ಒತ್ತಿಕೊಳ್ಳುತ್ತಾ, ‘ಇಷ್ಟೊತ್ತಿಗೆ ಹಾಸನದಿಂದ ಬೆಂಗಳೂರಿಗೆ ಹೋಗಿ ವಾಪಸ್ಸೇ ಬಂದಿರಬಹುದಿತ್ತಲ್ಲೋ’ ಅಂದರು.

ವಾಪಸ್ ಟಿಕೆಟ್ ಇನ್ನೂ ಮಜಾ. ಹೊರಡೋದು ರಾತ್ರಿ 8:55, ತಲುಪೋದು 9:40. ನೋಡಿದವರಿಗೆ 45 ನಿಮಿಷ! ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಅಷ್ಟೇ. ಆದರೆ ಭಾನುವಾರ ಸಂಜೆಯ ಟ್ರಾಫಿಕ್‌ನಲ್ಲಿ ಬಸ್ ಎರಡು ಗಂಟೆಗೂ ಜಾಸ್ತಿ ತೆಗೆದುಕೊಂಡಿತು. ಭಾರತದ ಪಾಸ್‌ಪೋರ್ಟ್ ಇರುವ ನಾವು ವೀಸಾ ತೋರಿಸಿ ಬೋರ್ಡಿಂಗ್ ಪಾಸ್ ಮೇಲೆ ಮುದ್ರೆ ಹಾಕಿಸಬೇಕಿತ್ತು. ಕೌಂಟರ್ 40 ನಿಮಿಷ ಮುಂಚೆ ಮುಚ್ಚುತ್ತದೆ. ನಾವು ಓಡಿ ತಲುಪಿದ್ದು 8:05ಕ್ಕೆ. ಅಮ್ಮನಿಗೆ ಮಂಡಿ ನೋವು ಬೇರೆ.

ಟಿಕೆಟ್ ತೆಗೆಯುವಾಗ ವಿಮಾನ ನಿಲ್ದಾಣದ ಮೂರಕ್ಷರದ ಕೋಡ್ ನೋಡಿ. ಸಿಡಿಜಿ ಅಂದರೆ ಚಾರ್ಲ್ಸ್ ಡಿ ಗಾಲ್, ಅಲ್ಲಿಂದ ಊರೊಳಗೆ ಆರ್‌ಇಆರ್ ಅನ್ನುವ ಉಪನಗರ ರೈಲು ಇದೆ. ಓಆರ್‌ವೈ ಅಂದರೆ ಓರ್ಲಿ, 2024ರಿಂದ ಅಲ್ಲಿಗೆ 14ನೇ ನಂಬರ್ ಮೆಟ್ರೋ ಬರುತ್ತಿದೆ. ಬಿವಿಎ ಅಂತಿದ್ದರೆ ಬೋವೆ. ಇಂಥ ಹೆಸರು ಇನ್ನೂ ಇವೆ: ‘ಫ್ರಾಂಕ್‌ಫರ್ಟ್ ಹಾನ್’ ನಿಲ್ದಾಣ ಫ್ರಾಂಕ್‌ಫರ್ಟ್ ಊರಿಂದ ಸುಮಾರು 120 ಕಿ.ಮೀ., ‘ಸ್ಟಾಕ್‌ಹೋಮ್ ಸ್ಕಾವ್‌ಸ್ತಾ’ ಸ್ಟಾಕ್‌ಹೋಮ್‌ನಿಂದ ಹತ್ತಿರ ಹತ್ತಿರ 100. ಬೋವೆಯಿಂದ ಬರುವುದೇ ಆದರೆ ವಿಮಾನಕ್ಕೆ ನಾಲ್ಕು ಗಂಟೆ ಮುಂಚೆ ಪ್ಯಾರಿಸ್ ಬಿಡಿ.

ಅಗ್ಗದ ಟಿಕೆಟ್‌ನಲ್ಲಿ ಒಬ್ಬರಿಗೆ 22 ಯೂರೋ ಉಳಿಸಿದ್ದೆ. ಬಸ್‌ನ ಹೋಗಿಬರುವ ಖರ್ಚೇ ಅದನ್ನು ನುಂಗಿತು. ಮೇಲೆ ಹತ್ತದ ಲಿಫ್ಟ್ ಟಿಕೆಟ್‌ಗಳು ಈಗಲೂ ನನ್ನ ಫೋನಿನಲ್ಲಿವೆ. ಹಾಸನಕ್ಕೆ ಹೋದ ಮೇಲೆ ಅಮ್ಮ ಅಕ್ಕಪಕ್ಕದವರಿಗೆ ತೋರಿಸುತ್ತಿರುವ ಫೋಟೋದಲ್ಲಿ ಗೋಪುರ ಹಿಂದಿದೆ, ಮುಂದೆ ಅವರ ಬಿಚ್ಚಿಟ್ಟ ಚಪ್ಪಲಿ.